ಕನ್ನಡ ಕಾಣುತ್ತಿದೆಯಲ್ಲ, ಮತ್ತೇನು?

ಪದಸೂಚಿಯಲ್ಲಿ ‘ಗೀಗೀ ಪದ, 143’ ಎಂದಿತ್ತು. 143ನೆಯ ಪುಟ ತೆರೆದರೆ ಗೀಗೀ ಪದದ ಸುಳಿವೇ ಇಲ್ಲ. ಅದು 145ಕ್ಕೆ ಹೋಗಿ ಕುಳಿತಿತ್ತು. ಚೌಡಿಕೆ ಇನ್ನೂ ಆಚೆಗೆ ಸರಿದಿತ್ತು. ಜನಪದ ಹಾಡುಗಳ ಕುರಿತ ಆ ಪುಸ್ತಕದ ಕರಡು ತಿದ್ದಿ, ಒಂದೊಂದೇ ಪುಟಸಂಖ್ಯೆ ನೋಡಿಕೊಂಡು ಪದಸೂಚಿಯನ್ನು ಕೈಯಾರೆ ಮಾಡಿ ಮುಗಿಸಿದ್ದೆ. ಅಲ್ಲಿಂದ ಮುಂದೆ ಫೈಲಿನ ಒಂದು ಅಕ್ಷರವನ್ನೂ ಮುಟ್ಟಿರಲಿಲ್ಲ. ನಡುವೆ ನಡೆದದ್ದು ಒಂದೇ ಸಂಗತಿ: ನನ್ನ ಡೆಸ್ಕ್‌ಟಾಪ್ ಕಂಪ್ಯೂಟರ್ ಅಂಗಡಿಗೆ ಹೋಗಿ ಬಂದಿತ್ತು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರಿಂದ ವಿಂಡೋಸ್ 11 ಹಾಕಿಸಲು ಕೊಟ್ಟಿದ್ದೆ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ಎಲ್ಲವನ್ನೂ ಹೊಸದಾಗಿ ಅನುಸ್ಥಾಪಿಸಿ, ನನ್ನ ಫೈಲುಗಳನ್ನು ಡಿ ಡ್ರೈವ್‌ನಿಂದ ಹಾಗೆಯೇ ನಕಲು ಮಾಡಿ ಕೊಟ್ಟಿದ್ದರು. ಯಂತ್ರ ಕಣ್ಣು ಮಿಟುಕಿಸುವುದರೊಳಗೆ ತೆರೆದುಕೊಳ್ಳುತ್ತಿತ್ತು. ಆದರೆ ವರ್ಡ್‌ನಲ್ಲಿ ಪುಸ್ತಕ ತೆರೆದ ಕೂಡಲೇ ಏನೋ ಸರಿಯಿಲ್ಲ ಅನ್ನಿಸಿತು. ಅಕ್ಷರಗಳ ಮೈಕಟ್ಟೇ ಬೇರೆಯಾಗಿತ್ತು. ಮೊದಲ ಸಾಲಿನ ಕೊನೆಯಲ್ಲಿ ಇರುತ್ತಿದ್ದ ‘ಹಾಡುಗಾರ್ತಿಯರು’ ಕೆಳಸಾಲಿಗೆ ಇಳಿದಿತ್ತು. ಒಂದು ಪದ ಇಳಿದರೆ ಪ್ಯಾರಾ ಬದಲಾಗುತ್ತದೆ, ಪ್ಯಾರಾ ಬದಲಾದರೆ ಪುಟ ಬದಲಾಗುತ್ತದೆ, ಪುಟ ಬದಲಾದರೆ ನನ್ನ ಪದಸೂಚಿ ಇಡಿಯಾಗಿ ನೀರುಪಾಲು.

ಅಂಗಡಿಗೆ ಫೋನ್ ಮಾಡಿದೆ. ಹುಡುಗ ಸಮಾಧಾನದಿಂದಲೇ ಕೇಳಿಸಿಕೊಂಡ. “ಕನ್ನಡ ಕಾಣುತ್ತಿದೆಯಲ್ಲ ಮೇಡಂ?” ಎಂದ. ಕಾಣುತ್ತಿದೆ ಎಂದೆ. “ಅಕ್ಷರದ ಬದಲು ಚೌಕ ಚೌಕ ಬರುತ್ತಿಲ್ಲ ತಾನೆ?” ಇಲ್ಲ ಎಂದೆ. “ಮತ್ತೇನು ಮೇಡಂ, ಎಲ್ಲ ಸರಿಯಾಗಿಯೇ ಇದೆ.” ಅವನನ್ನು ದೂರಿ ಫಲವಿಲ್ಲ. ಕನ್ನಡ ಓದಲು ಬಂದರೆ ಸಾಕು, ಯಾವ ಅಕ್ಷರದಲ್ಲಿ ಬಂದರೇನು ಎಂಬುದು ಕಂಪ್ಯೂಟರ್ ಅಂಗಡಿಗಳ ಮಾತು ಮಾತ್ರವಲ್ಲ, ಅನೇಕ ಪ್ರಕಾಶಕರ ನಿಲುವೂ ಹೌದು.

ಆಮೇಲೆ ಸಲಹೆಗಳ ಸುರಿಮಳೆ. ವೈರಸ್ ಇರಬೇಕು ಎಂದರು ಒಬ್ಬರು. ಕ್ಲಿಯರ್‌ಟೈಪ್ ಸರಿಪಡಿಸಿ ಎಂದರು ಇನ್ನೊಬ್ಬರು. ಅದು ಅಕ್ಷರದ ಅಂಚುಗಳನ್ನು ನಯಗೊಳಿಸುತ್ತದೆಯೇ ಹೊರತು ಅಕ್ಷರವನ್ನೇ ಬದಲಿಸುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಫಾಂಟ್ ಸೆಟ್ಟಿಂಗ್ಸ್‌ನಲ್ಲಿ ‘ಮೂಲ ಸ್ಥಿತಿಗೆ ತರು’ ಎಂಬರ್ಥದ ಒಂದು ಗುಂಡಿಯಿದೆ. ಹೆಸರು ಕೇಳಿದರೆ ಸಂಜೀವಿನಿಯಂತಿದೆ. ಒತ್ತಿದೆ, ಏನೂ ಆಗಲಿಲ್ಲ. ಯಾವ ಫಾಂಟನ್ನು ಪಟ್ಟಿಯಲ್ಲಿ ತೋರಿಸಬೇಕು, ಯಾವುದನ್ನು ಮರೆಮಾಡಬೇಕು ಎಂಬ ಆಯ್ಕೆಗಳನ್ನಷ್ಟೇ ಅದು ಮೊದಲಿನಂತೆ ಮಾಡುತ್ತದೆ. ಇಲ್ಲದ ಫಾಂಟನ್ನು ತಂದುಕೊಡುವುದಿಲ್ಲ. ಫಾಂಟ್ ಕ್ಯಾಶ್, ಅಂದರೆ ಫಾಂಟುಗಳ ಬಗ್ಗೆ ವಿಂಡೋಸ್ ಕೂಡಿಟ್ಟುಕೊಂಡ ಮಾಹಿತಿ, ಅದನ್ನು ಅಳಿಸುವ ಉಪಾಯವನ್ನೂ ಮಾಡಿ ನೋಡಿದೆ. ಸೇವೆಯನ್ನು ನಿಲ್ಲಿಸಿ, ಅದರ ಫೈಲುಗಳನ್ನು ತೆಗೆದು, ಯಂತ್ರವನ್ನು ಮತ್ತೆ ಚಾಲೂ ಮಾಡುವುದು. ಅಕ್ಷರಗಳು ಕಲಸಿಹೋಗಿ ಕಂಡರೆ ಅದರಿಂದ ಪ್ರಯೋಜನವಿದೆ. ನನ್ನ ಅಕ್ಷರಗಳು ಕಲಸಿರಲಿಲ್ಲ. ಅಚ್ಚುಕಟ್ಟಾಗಿ, ಬೇರೆಯವರ ಅಕ್ಷರಗಳಾಗಿದ್ದವು.

ಇಷ್ಟಾದ ಮೇಲೆ ಸುಮ್ಮನೆ ಕುಳಿತು, ಬದಲಾಗಿರುವುದು ಎಲ್ಲೆಲ್ಲಿ ಎಂದು ನೋಡಿದೆ. ವಿಂಡೋಸ್‌ನ ಮೆನುಗಳಲ್ಲಿ ಬದಲಾವಣೆಯಿಲ್ಲ. ಫೋಲ್ಡರುಗಳಿಗೆ ನಾನು ಕನ್ನಡದಲ್ಲೇ ಹೆಸರಿಡುತ್ತೇನೆ. ಅವು ಹಿಂದೆ ಹೇಗಿದ್ದವೋ ಹಾಗೆಯೇ ಇದ್ದವು. ಫೈಲಿನೊಳಗಿನ ಇಂಗ್ಲಿಷ್ ಪದಗಳೂ ಹಳೆಯ ಕ್ಯಾಲಿಬ್ರಿಯಲ್ಲೇ ಇದ್ದವು. ಬದಲಾಗಿದ್ದು ವರ್ಡ್ ಫೈಲುಗಳ ಕನ್ನಡ ಮಾತ್ರ. ಅಂದರೆ ಇಡೀ ಯಂತ್ರದ ಮೇಲೆ ಅನುಮಾನ ಪಡಬೇಕಾಗಿಲ್ಲ, ವೈರಸ್ಸಿನ ಮಾತಂತೂ ದೂರ.

ಹಾಗಾದರೆ ಮೊದಲು ಯಾವ ಫಾಂಟ್ ಇತ್ತು? ನಾಚಿಕೆಯಿಲ್ಲದೆ ಹೇಳಬಹುದಾದ ಸಂಗತಿಯೆಂದರೆ, ಅದು ಬಹಳ ಮಂದಿಗೆ ಗೊತ್ತಿರುವುದಿಲ್ಲ, ಗೊತ್ತಾಗುವಂತೆ ವರ್ಡ್ ತೋರಿಸುವುದೂ ಇಲ್ಲ. ಕನ್ನಡ ಪದವೊಂದರ ಮೇಲೆ ಕರ್ಸರ್ ಇಟ್ಟು ಮೇಲಿನ ಪೆಟ್ಟಿಗೆ ನೋಡಿದರೆ ‘ಕ್ಯಾಲಿಬ್ರಿ’ ಎಂದಿತ್ತು. ಕ್ಯಾಲಿಬ್ರಿಯಲ್ಲಿ ಕನ್ನಡ ಅಕ್ಷರಗಳೇ ಇಲ್ಲ! ಪೆಟ್ಟಿಗೆಯಲ್ಲಿ ಒಂದು ಹೆಸರು, ತೆರೆಯ ಮೇಲೆ ಇನ್ನೊಂದರ ಅಕ್ಷರ.

ಉತ್ತರ ಸಿಕ್ಕಿದ್ದು ಹಳೆಯ ಪಿಡಿಎಫ್ ಒಂದರಲ್ಲಿ. ಲೇಖಕರಿಗೆ ತೋರಿಸಲೆಂದು ಹಿಂದಿನ ವ್ಯವಸ್ಥೆಯಲ್ಲೇ ಮಾಡಿದ್ದ ಕರಡು ಅದು. ತೆರೆದರೆ ಅಕ್ಷರಗಳೆಲ್ಲ ನನಗೆ ಪರಿಚಿತವಾದವೇ, ಗೀಗೀ ಪದವೂ 143ರಲ್ಲೇ. ಪಿಡಿಎಫ್ ತನಗೆ ಬೇಕಾದ ಅಕ್ಷರಗಳನ್ನು ತನ್ನೊಳಗೇ ಹೊತ್ತುಕೊಂಡು ಬರುವುದರಿಂದ ಯಂತ್ರ ಬದಲಾದರೂ ಅದು ಬದಲಾಗುವುದಿಲ್ಲ. ಅಕ್ರೋಬ್ಯಾಟ್ ರೀಡರ್‌ನಲ್ಲಿ ಕಂಟ್ರೋಲ್ ಮತ್ತು ಡಿ ಒತ್ತಿದರೆ ಫೈಲಿನ ವಿವರ ತೆರೆದುಕೊಳ್ಳುತ್ತದೆ. ಅದರಲ್ಲಿ ‘ಫಾಂಟ್ಸ್’ ಎಂಬ ಪುಟವಿದೆ. ಅಲ್ಲಿ ಕ್ಯಾಲಿಬ್ರಿಯ ಜೊತೆಗೆ ಸ್ಪಷ್ಟವಾಗಿ ಬರೆದಿತ್ತು: ತುಂಗಾ, ಎಂಬೆಡೆಡ್ ಸಬ್‌ಸೆಟ್. ಪುಸ್ತಕದ ವರ್ಡ್ ಫೈಲಿನಿಂದ, ಹೊಸದಾಗಿಸಿದ ಈ ಯಂತ್ರದಲ್ಲಿ ಇನ್ನೊಂದು ಪಿಡಿಎಫ್ ಮಾಡಿ ನೋಡಿದೆ. ಅದರ ಫಾಂಟ್ಸ್ ಪುಟದಲ್ಲಿ ಈಗ ಇದ್ದದ್ದು ನಿರ್ಮಲ ಯುಐ.

ತುಂಗಾ ಹಳೆಯ ಒಡನಾಡಿ. ವಿಂಡೋಸ್ ಎಕ್ಸ್‌ಪಿಯ ಕಾಲದಿಂದ, ಅಂದರೆ 2001ರಿಂದ, ವಿಂಡೋಸ್‌ನಲ್ಲಿ ಯೂನಿಕೋಡ್ ಕನ್ನಡವೆಂದರೆ ಬಹುಕಾಲ ಅದೇ ಆಗಿತ್ತು. ಯೂನಿಕೋಡ್ ಎಂದರೆ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಪದ್ಧತಿ. 2012ರಲ್ಲಿ ವಿಂಡೋಸ್ 8ರ ಜೊತೆ ನಿರ್ಮಲ ಯುಐ ಬಂತು. ಹಲವು ಭಾರತೀಯ ಲಿಪಿಗಳನ್ನು ಒಂದೇ ಫಾಂಟಿನಲ್ಲಿ ಕೂಡಿಸಿ, ಮೆನು ಮತ್ತು ಗುಂಡಿಗಳ ಮೇಲೆ ಓದಲು ಹದವಾಗುವಂತೆ ಮಾಡಿದ್ದು ಅದು. ತೆರೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಪುಸ್ತಕದ ಪುಟಕ್ಕೆ ನನಗದು ಒಗ್ಗುವುದಿಲ್ಲ. ಆದರೆ ಅದು ನನ್ನ ಹಟ, ಫಾಂಟಿನ ತಪ್ಪಲ್ಲ.

ಪ್ರಶ್ನೆ ಇದ್ದದ್ದು ಈ ಎರಡರ ನಡುವೆ ಅದಲುಬದಲು ಮಾಡಿದವರು ಯಾರು ಎಂಬುದು. ವರ್ಡ್‌ನಲ್ಲೂ ಕಂಟ್ರೋಲ್ ಮತ್ತು ಡಿ ಒತ್ತಿದರೆ ಫಾಂಟ್ ಪೆಟ್ಟಿಗೆ ತೆರೆಯುತ್ತದೆ. ಹಳೆಯ ಯಂತ್ರದಲ್ಲಿ ಅದಕ್ಕೆ ಎರಡು ಭಾಗಗಳಿದ್ದ ನೆನಪು. ಇಲ್ಲಿ ಮೇಲಿನದೊಂದೇ ಇತ್ತು. ಕನ್ನಡದಂಥ, ಒತ್ತಕ್ಷರ ಗುಣಿತಾಕ್ಷರಗಳಿರುವ ಲಿಪಿಗಳನ್ನು ವರ್ಡ್ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಎಂಬ ಬೇರೆ ಖಾತೆಯಲ್ಲಿಡುತ್ತದೆ, ಅದಕ್ಕೆ ಬೇರೆಯದೇ ಫಾಂಟ್. ಅಂಥ ಒಂದು ಭಾಷೆಯನ್ನಾದರೂ ಬಳಸುತ್ತೇನೆಂದು ಹೇಳದಿದ್ದರೆ ಆ ಖಾತೆಯನ್ನೇ ಅದು ತೋರಿಸುವುದಿಲ್ಲ. ವರ್ಡ್‌ನ ಆಪ್ಷನ್ಸ್‌ಗೆ ಹೋಗಿ, ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿ, ಮುಚ್ಚಿ ತೆರೆದ ಮೇಲೆ ಕೆಳಭಾಗ ಪ್ರತ್ಯಕ್ಷವಾಯಿತು. ಅಲ್ಲಿ ಕನ್ನಡದ ಫಾಂಟ್ ಯಾವುದೆಂದು ನೋಡಿದರೆ ತುಂಗಾ ಅಲ್ಲ, ನಿರ್ಮಲವೂ ಅಲ್ಲ: ‘ಪ್ಲಸ್ ಬಾಡಿ ಸಿಎಸ್’. ಇದು ಫಾಂಟಿನ ಹೆಸರೇ ಅಲ್ಲ. ‘ಒಡಲಿಗೆ ಥೀಮ್ ಏನು ಹೇಳುತ್ತದೋ ಅದು’ ಎಂಬ ಕೈಮರ. ಥೀಮ್ ಎಂದರೆ ಫೈಲಿನ ಫಾಂಟು, ಬಣ್ಣಗಳನ್ನು ಒಟ್ಟಿಗೆ ಗೊತ್ತುಮಾಡಿಟ್ಟ ಪಟ್ಟಿ. ಒಬ್ಬ ಗುಮಾಸ್ತ ಇನ್ನೊಬ್ಬ ಗುಮಾಸ್ತನ ಮೇಜಿಗೆ ಕಳಿಸಿದ ಹಾಗೆ.

ಸರಿ, ಆ ಮೇಜಿಗೂ ಹೋಗೋಣವೆಂದು ಹೊರಟೆ. ವರ್ಡ್‌ನ ಡಾಕ್ಸ್ ಫೈಲ್ ನಿಜವಾಗಿ ಒಂದು ಜಿಪ್ ಕಂತೆ. ನಕಲೊಂದನ್ನು ಮಾಡಿಕೊಂಡು, ಹೆಸರಿನ ಕೊನೆಯ ಡಾಕ್ಸ್ ತೆಗೆದು ಜಿಪ್ ಎಂದು ಬರೆದರೆ ಒಳಗಿನ ಫೋಲ್ಡರುಗಳು ಕಾಣುತ್ತವೆ. ‘ವರ್ಡ್’ ಎಂಬುದರೊಳಗೆ ‘ಥೀಮ್’, ಅದರೊಳಗೊಂದು ಎಕ್ಸ್‌ಎಂಎಲ್ ಫೈಲ್. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಬಿಡುವೇ ಇಲ್ಲದ ಒಂದು ಉದ್ದ ಸಾಲು, ಮೊದಲ ನೋಟಕ್ಕೆ ದಿಗಿಲು. ಹುಡುಕುತ್ತ ಹೋದರೆ ನಡುವೆ ಲಿಪಿಗಳ ಪಟ್ಟಿ ಸಿಗುತ್ತದೆ. ಪ್ರತಿ ಲಿಪಿಗೂ ನಾಲ್ಕಕ್ಷರದ ಒಂದು ಸಂಕೇತ, ಎದುರಿಗೆ ಫಾಂಟಿನ ಹೆಸರು. ದೇವನಾಗರಿಗೆ ಮಂಗಲ್, ತಮಿಳಿಗೆ ಲತಾ, ತೆಲುಗಿಗೆ ಗೌತಮಿ, ಮಲಯಾಳಕ್ಕೆ ಕಾರ್ತಿಕಾ, ಗುರುಮುಖಿಗೆ ರಾವಿ. ಕೆ, ಎನ್, ಡಿ, ಎ ಎಂಬ ಸಂಕೇತದ ಎದುರಿಗೆ ತುಂಗಾ. ಈ ಪಟ್ಟಿ ಎರಡು ಸಲ ಬರುತ್ತದೆ, ಶೀರ್ಷಿಕೆಗಳಿಗೆ ಒಂದು, ಒಡಲಿಗೆ ಒಂದು.

ಹಾಗಾಗಿ ಫೈಲ್ ಮೊದಲೂ ತುಂಗಾವನ್ನೇ ಕೇಳುತ್ತಿತ್ತು, ಈಗಲೂ ತುಂಗಾವನ್ನೇ ಕೇಳುತ್ತಿದೆ. ಅದರಲ್ಲಿ ಏನೂ ಬದಲಾಗಿಲ್ಲ. ಯಂತ್ರದಲ್ಲಿ ತುಂಗಾ ಇಲ್ಲ. ಕೇಳಿದ ಫಾಂಟ್ ಇಲ್ಲದಿದ್ದಾಗ ಕನ್ನಡ ಬಲ್ಲ ಇನ್ನೊಂದನ್ನು ತಂದು ನಿಲ್ಲಿಸುವುದು ವ್ಯವಸ್ಥೆಯ ಪದ್ಧತಿ. ಅದನ್ನು ಹೇಳುವ ಸೌಜನ್ಯ ಮಾತ್ರ ಅದಕ್ಕಿಲ್ಲ. ಚೌಕಗಳು ಬಂದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಕನ್ನಡವೇ ಬಂದದ್ದರಿಂದ ಇಷ್ಟು ಹೊತ್ತು ಹಿಡಿಯಿತು.

ತುಂಗಾ ಏಕಿಲ್ಲ ಎಂಬುದಕ್ಕೆ ಕಾರಣ ಸರಳ. ವಿಂಡೋಸ್ 10ರಿಂದ ಈಚೆಗೆ ಅದು ಮೂಲ ಕಂತೆಯಲ್ಲಿ ಬರುವುದಿಲ್ಲ. ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಎಂಬ ಐಚ್ಛಿಕ ಸೌಲಭ್ಯದೊಳಗೆ ಅದನ್ನು ಸೇರಿಸಿದ್ದಾರೆ. ವಿಂಡೋಸ್‌ನ ಭಾಷಾಪಟ್ಟಿಗೆ ಕನ್ನಡವನ್ನು ಸೇರಿಸಿದರೆ ತಾನಾಗಿಯೇ ಬರುತ್ತದೆ. ಸೇರಿಸದಿದ್ದರೆ ನಾವೇ ಕೇಳಿ ತರಿಸಿಕೊಳ್ಳಬೇಕು. ಹಳೆಯ ಯಂತ್ರದಲ್ಲಿ ಯಾವ ಕಾಲದಲ್ಲೋ ಕೀಲಿಮಣೆಗಾಗಿ ಕನ್ನಡ ಸೇರಿಸಿದ್ದೆ. ಹೊಸದರಲ್ಲಿ ಅಂಗಡಿಯವರು ಇಂಗ್ಲಿಷ್ ಒಂದನ್ನೇ ಇಟ್ಟಿದ್ದರು. ನಾನು ಬೆರಳಚ್ಚು ಮಾಡುವುದು ಕನ್ನಡ ಬರೆಯುವ ನುಡಿ ತಂತ್ರಾಂಶದ ಯೂನಿಕೋಡ್ ವಿಧಾನದಲ್ಲಿ. ಅದಕ್ಕೆ ವಿಂಡೋಸ್‌ನ ಕನ್ನಡ ಬೇಕಾಗುವುದೇ ಇಲ್ಲ. ಹೀಗಾಗಿ ದಿನವಿಡೀ ಕನ್ನಡ ಬರೆಯುತ್ತಿದ್ದರೂ, ವಿಂಡೋಸ್‌ನ ಲೆಕ್ಕದಲ್ಲಿ ಈ ಮನೆಯಲ್ಲಿ ಕನ್ನಡದವರು ಯಾರೂ ಇರಲಿಲ್ಲ. ವರ್ಡ್‌ನ ಪಟ್ಟಿಗೆ ಕನ್ನಡ ಸೇರಿಸಿದೆನಲ್ಲ ಎಂದರೆ, ಅದರ ಪಟ್ಟಿ ಬೇರೆ, ವಿಂಡೋಸ್‌ನ ಪಟ್ಟಿ ಬೇರೆ.

ಪರಿಹಾರಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ಆಪ್ಷನಲ್ ಫೀಚರ್ಸ್’ ಎಂಬುದಿದೆ. ವಿಂಡೋಸ್ 11ರ ಈಚಿನ ಆವೃತ್ತಿಗಳಲ್ಲಿ ‘ಸಿಸ್ಟಂ’ ಅಡಿಯಲ್ಲಿ, ಅದಕ್ಕೆ ಮೊದಲಿನವುಗಳಲ್ಲಿ ‘ಆ್ಯಪ್ಸ್’ ಅಡಿಯಲ್ಲಿ. ಹೊಸ ಸೌಲಭ್ಯ ಸೇರಿಸುವಲ್ಲಿ ಕನ್ನಡ ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ಆ ಫಾಂಟುಗಳ ಹೆಸರು ಬರುತ್ತದೆ. ಗುರುತು ಹಾಕಿ ಒಪ್ಪಿಗೆ ಕೊಟ್ಟೆ, ಅಂತರ್ಜಾಲದಿಂದ ಇಳಿಯಿತು. ವರ್ಡ್ ಮುಚ್ಚಿ ತೆರೆದೆ. ‘ಹಾಡುಗಾರ್ತಿಯರು’ ಮೊದಲ ಸಾಲಿಗೆ ಹತ್ತಿ ಕುಳಿತಿದ್ದರು.

ಪುಟಗಳು ಬಹುಪಾಲು ಸರಿಹೋದವು, ಪೂರ್ತಿಯಾಗಿ ಅಲ್ಲ. ಈ ಹುಡುಕಾಟದ ನಡುವೆ ನಾನೇ ಬೇರೆ ಫೈಲುಗಳಿಂದ ತಂದು ಅಂಟಿಸಿದ್ದ ಅಡಿಟಿಪ್ಪಣಿಗಳು ನಿರ್ಮಲ ಯುಐ ಎಂಬ ಹೆಸರನ್ನು ಮೈಮೇಲೆ ಬರೆಸಿಕೊಂಡೇ ಬಂದಿದ್ದವು. ಹೀಗೆ ನೇರವಾಗಿ ಹೆಸರು ಹಚ್ಚಿಕೊಂಡವು ಥೀಮಿನ ಮಾತು ಕೇಳುವುದಿಲ್ಲ. ಅಂಥ ಒಂದು ಟಿಪ್ಪಣಿಯನ್ನು ಆಯ್ದು, ‘ಸೆಲೆಕ್ಟ್’ ಮೆನುವಿನಲ್ಲಿ ಅದೇ ರೂಪದ ಪಠ್ಯವನ್ನೆಲ್ಲ ಒಟ್ಟಿಗೆ ಹಿಡಿಯುವ ಆಯ್ಕೆ ಒತ್ತಿದೆ. ಚದುರಿದ್ದವೆಲ್ಲ ಒಮ್ಮೆಲೇ ಬಣ್ಣ ಬಳಿದುಕೊಂಡು ಸಿಕ್ಕಿಬಿದ್ದವು. ಕಂಟ್ರೋಲ್ ಮತ್ತು ಸ್ಪೇಸ್ ಒತ್ತಿದರೆ ಮೇಲುಹೊದಿಕೆಯೆಲ್ಲ ಕಳಚಿ, ಶೈಲಿ ಹೇಳಿದ ಫಾಂಟಿಗೆ ಅಕ್ಷರಗಳು ಮರಳುತ್ತವೆ. ಪದಸೂಚಿಯನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ತಾಳೆ ನೋಡಿದೆ, ಪುಟಗಳೆಲ್ಲ ಹೊಂದಿದವು.

ಆದರೆ ಈ ಕಂಟ್ರೋಲ್-ಸ್ಪೇಸ್ ಉಪಾಯವನ್ನು ಎಲ್ಲ ಫೈಲುಗಳ ಮೇಲೂ ಮಾಡಬಾರದು. ಅದಕ್ಕೆ ಕಾರಣ ಪುಸ್ತಕದ ಅನುಬಂಧ. ಲೇಖಕರು ಹಲವು ವರ್ಷಗಳ ಹಿಂದೆ ಸಂಗ್ರಹಿಸಿದ್ದ ಹಾಡುಗಳು ಅವು, ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಾಗಿದ್ದವು. ಆ ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ತೆರೆದರೆ ಕನ್ನಡದ ಕುರುಹೇ ಇಲ್ಲ. ‘ಕನ್ನಡ’ ಎಂಬ ಪದ ಇರಬೇಕಾದ ಕಡೆ ಇದ್ದದ್ದು ಇಷ್ಟು: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆ ಗೀಟು ಹೊತ್ತ ದೊಡ್ಡ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಎಸ್ಸೆಟ್, ಚಿಕ್ಕ ಕ್ಯೂ, ಕೊನೆಗೆ ಇನ್ನೊಮ್ಮೆ ಎ.

ನೋಡಿದವರು ಫೈಲ್ ಕೆಟ್ಟಿದೆ ಎನ್ನುತ್ತಾರೆ. ಕೆಟ್ಟಿಲ್ಲ, ಹುಟ್ಟಿದ್ದೇ ಹಾಗೆ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಪಿಯ ಮನೆಯಲ್ಲಿರುವುದು ತಲೆಕಟ್ಟಿಲ್ಲದ ಕ. ಓರೆ ಗೀಟಿನ ಎ ಅಂದರೆ ಬರೀ ತಲೆಕಟ್ಟು. ಅದಕ್ಕೇ ಅದು ಮೂರು ಸಲ ಬಂದಿದೆ. ಪೌಂಡಿನಲ್ಲಿ ತಲೆಕಟ್ಟಿಲ್ಲದ ನ, ಎಸ್ಸೆಟ್‌ನಲ್ಲಿ ನ ಒತ್ತು, ಕ್ಯೂನಲ್ಲಿ ಡ. ಅಕ್ಷರ ಜೋಡಿಸುವ ಮೊಳೆಗಳಂತೆ ತುಂಡು ತುಂಡಾಗಿ ಇಟ್ಟ ಆ ಜಾಣತನವನ್ನು ಮೆಚ್ಚಬೇಕು. ಅಂದಿನ ತಂತ್ರಾಂಶಗಳಲ್ಲಿ ಕನ್ನಡ ಮೂಡಿಸಲು ಬೇರೆ ದಾರಿ ಹೆಚ್ಚಿರಲಿಲ್ಲ. ಆದರೆ ಅಂಥ ಪಠ್ಯಕ್ಕೆ ಕನ್ನಡವೆಂಬ ಗುರುತು ಫಾಂಟಿನಿಂದ ಮಾತ್ರ. ಫಾಂಟ್ ತೆಗೆದರೆ ಉಳಿಯುವುದು ಪಿ ಮತ್ತು ಪೌಂಡು.

ಎರಡು ಬಗೆಯ ಫೈಲುಗಳನ್ನು ಬೇರ್ಪಡಿಸಲು ವರ್ಡ್‌ನಲ್ಲೇ ಒಂದು ಪರೀಕ್ಷೆಯಿದೆ. ಒಂದು ಅಕ್ಷರವನ್ನು ಆಯ್ದು ಆಲ್ಟ್ ಮತ್ತು ಎಕ್ಸ್ ಒತ್ತಿದರೆ ಅದರ ಯೂನಿಕೋಡ್ ಸಂಖ್ಯೆ ಕಾಣುತ್ತದೆ. ಮತ್ತೆ ಒತ್ತಿದರೆ ಅಕ್ಷರ ಮರಳುತ್ತದೆ. ನಿಜವಾದ ಕನ್ನಡದ ಕ ಆದರೆ ಸೊನ್ನೆ, ಸಿ, ಒಂಬತ್ತು, ಐದು. ಹಳೆಯ ನುಡಿಯ ಕ ಆದರೆ ಸೊನ್ನೆ, ಸೊನ್ನೆ, ಐದು, ಸೊನ್ನೆ, ಅಂದರೆ ಅಪ್ಪಟ ಇಂಗ್ಲಿಷ್ ಪಿ. ಮೊದಲ ಬಗೆಯದರಲ್ಲಿ ಫಾಂಟ್ ಏನಾದರೂ ಆಗಲಿ, ಕನ್ನಡ ಕನ್ನಡವಾಗಿಯೇ ಇರುತ್ತದೆ. ಎರಡನೆಯದರ ಫಾಂಟನ್ನು ಮುಟ್ಟುವ ಮುನ್ನ ಇನ್ನೊಂದು ನಕಲು ಇಟ್ಟುಕೊಳ್ಳಬೇಕು.

ಅನುಬಂಧದ ಪುಟ ಜೋಡಿಸುವವನು ಮುದ್ರಣಾಲಯದ ಡಿಟಿಪಿ ಹುಡುಗ. ಅವನದು ಇಂದಿಗೂ ಹಳೆಯ ಪುಟವಿನ್ಯಾಸ ತಂತ್ರಾಂಶವಾದ ಪೇಜ್‌ಮೇಕರ್. ಯೂನಿಕೋಡ್ ಕನ್ನಡ ಅದಕ್ಕೆ ತಿಳಿಯದು, ಹಳೆಯ ನುಡಿಯೇ ಬೇಕು. ಅವನ ಯಂತ್ರವೂ ಈಚೆಗೆ ಬದಲಾಗಿತ್ತು. “ಅಕ್ಕಾ, ನುಡಿ ಫಾಂಟ್ ಹಾಕಿದ್ದೇನೆ. ವರ್ಡ್‌ನಲ್ಲಿ ಬರುತ್ತಿದೆ, ಪೇಜ್‌ಮೇಕರ್‌ನಲ್ಲಿ ಪಟ್ಟಿಯಲ್ಲೇ ಇಲ್ಲ” ಎಂದು ಫೋನ್ ಮಾಡಿದ. ಹೋಗಿ ನೋಡಿದೆ. ಹಳೆಯ ಫೈಲ್ ತೆರೆದಾಗಲೆಲ್ಲ ‘ಪ್ಯಾನೋಸ್’ ಎಂಬ ಪೆಟ್ಟಿಗೆ ಎದ್ದು ನಿಂತು, ನುಡಿ ಇಲ್ಲ, ಬದಲಿ ಫಾಂಟ್ ಇದು ಎಂದು ಹೇಳುತ್ತಿತ್ತು. ವರ್ಡ್‌ಗಿಂತ ಪೇಜ್‌ಮೇಕರ್ ವಾಸಿ ಅನ್ನಿಸಿದ ಅಪರೂಪದ ಗಳಿಗೆ ಅದು. ಬದಲಾಯಿಸುವ ಮುನ್ನ ಹೇಳುತ್ತದೆ.

ಇದರ ಮೂಲ ಬೇರೆ. 2018ರ ಅಕ್ಟೋಬರ್ ಆವೃತ್ತಿಯ ವಿಂಡೋಸ್ 10ರಿಂದ, ಫಾಂಟಿನ ಮೇಲೆ ಬಲಗುಂಡಿ ಒತ್ತಿ ‘ಇನ್‌ಸ್ಟಾಲ್’ ಎಂದರೆ ಅದು ಆ ಬಳಕೆದಾರನ ಖಾಸಗಿ ಫೋಲ್ಡರಿಗೆ ಹೋಗುತ್ತದೆ, ವಿಂಡೋಸ್‌ನ ಮುಖ್ಯ ಫಾಂಟ್ಸ್ ಫೋಲ್ಡರಿಗಲ್ಲ. ಹೊಸ ತಂತ್ರಾಂಶಗಳು ಎರಡೂ ಕಡೆ ನೋಡುತ್ತವೆ. ಹಳೆಯವುಗಳಲ್ಲಿ ಕೆಲವಕ್ಕೆ ಮುಖ್ಯ ಫೋಲ್ಡರ್ ಒಂದೇ ಗೊತ್ತು. ‘ಇನ್‌ಸ್ಟಾಲ್’ ಪಕ್ಕದಲ್ಲೇ ‘ಎಲ್ಲ ಬಳಕೆದಾರರಿಗೂ’ ಎಂಬ ಇನ್ನೊಂದು ಆಯ್ಕೆಯಿರುತ್ತದೆ. ವಿಂಡೋಸ್ 11ರಲ್ಲಿ ಅದನ್ನು ನೋಡಲು ಹಲವೊಮ್ಮೆ ‘ಇನ್ನಷ್ಟು ಆಯ್ಕೆಗಳು’ ಎಂಬುದನ್ನು ಒತ್ತಬೇಕು. ಖಾಸಗಿ ನಕಲುಗಳನ್ನು ತೆಗೆದು, ಹಾಗೆ ಮತ್ತೆ ಹಾಕಿದೆವು. ಪೇಜ್‌ಮೇಕರ್ ಪಟ್ಟಿಯಲ್ಲಿ ನುಡಿಯ ಸಾಲು ಸಾಲೇ ನಿಂತಿತು. “ಇಷ್ಟೇನಾ ಅಕ್ಕಾ?” ಎಂದ. ಇಷ್ಟೇ.

ನನ್ನ ಕಡೆ ಉಳಿಯುವ ಪ್ರತಿಗಾಗಿ ಅನುಬಂಧವನ್ನು ಯೂನಿಕೋಡಿಗೆ ಪರಿವರ್ತಿಸಿಕೊಂಡೆ. ಪರಿವರ್ತಕಗಳು ಈಗ ಚೆನ್ನಾಗಿವೆ, ಆದರೂ ಅರ್ಕಾವತ್ತು ಬಂದಲ್ಲೆಲ್ಲ ಒಮ್ಮೆ ಕಣ್ಣಾಡಿಸುವುದು ಒಳ್ಳೆಯದು. ಮುಖ್ಯ ಪುಸ್ತಕದ ವರ್ಡ್ ಫೈಲಿನಲ್ಲಿ, ‘ಸೇವ್’ ಆಯ್ಕೆಗಳೊಳಗಿನ ‘ಫಾಂಟುಗಳನ್ನು ಫೈಲಿನೊಳಗೇ ಇಡು’ ಎಂಬುದಕ್ಕೆ ಗುರುತು ಹಾಕಿದೆ. ಅದರ ಕೆಳಗೆ ‘ಸಾಮಾನ್ಯ ಸಿಸ್ಟಂ ಫಾಂಟುಗಳು ಬೇಡ’ ಎಂದು ಇನ್ನೊಂದು ಗುರುತು ಮೊದಲೇ ಬಿದ್ದಿರುತ್ತದೆ. ತುಂಗಾ ಅವರ ಲೆಕ್ಕದಲ್ಲಿ ಸಾಮಾನ್ಯವೋ ಅಸಾಮಾನ್ಯವೋ, ವಾದ ಏಕೆಂದು ಅದನ್ನು ತೆಗೆದೆ. ಫೈಲ್ ಸ್ವಲ್ಪ ಊದಿಕೊಂಡಿತು, ಊದಲಿ. ಜೊತೆಗೆ ಪಿಡಿಎಫ್ ಒಂದನ್ನು ಮಾಡಿ, ಅದರ ಫಾಂಟ್ಸ್ ಪುಟದಲ್ಲಿ ನಿರ್ಮಲದ ಹೆಸರಿಲ್ಲವೆಂದು ಖಚಿತಪಡಿಸಿಕೊಂಡು ಮುದ್ರಣಕ್ಕೆ ಕಳಿಸಿದೆ.

ಅನುಬಂಧದ ಕೊನೆಯಲ್ಲಿದ್ದ ಇಂಗ್ಲಿಷ್ ಗ್ರಂಥಗಳ ಪಟ್ಟಿಯನ್ನು ಮಾತ್ರ ಪರಿವರ್ತಕ ಕನ್ನಡವೆಂದೇ ತಿಳಿದು, ಉಚ್ಚರಿಸಲೂ ಬಾರದ ಒತ್ತಕ್ಷರಗಳ ರಾಶಿಯಾಗಿ ಮಾಡಿಟ್ಟಿತ್ತು. ಅದನ್ನು ಅಳಿಸಿ, ಮೂಲ ನೋಡಿಕೊಂಡು ಮತ್ತೆ ಬೆರಳಚ್ಚು ಮಾಡಿದೆ.